ಕಡುಬು ನುಂಗಿದ ರೋಹು

ಒಂದು ಕತ್ತರಿ, ಎರಡು ಚಿಮಟ, ಒಂದು ಚೂರಿ, ನಾಲ್ಕು ಸೂಜಿ ಇಟ್ಟ ರೆಕ್ಸಿನ್ ಪೆಟ್ಟಿಗೆಗೆ ನಲವತ್ತೆಂಟು ರೂಪಾಯಿ. ಬಿಳಿ ಕೋಟಿಗೆ ಅಂಗಡಿಯವನು ಹೇಳಿದ್ದು ಎಪ್ಪತ್ತೈದು, ಕೊಟ್ಟದ್ದು ಅರವತ್ತೆರಡು. ತಳಕ್ಕೆ ಮೇಣ ಹುಯ್ದ ತಗಡಿನ ತಟ್ಟೆಗೆ ಮೂವತ್ತು. ಚಿತ್ರ ಬರೆಯುವ ದಪ್ಪ ರೆಕಾರ್ಡು ಪುಸ್ತಕಕ್ಕೆ ಇಪ್ಪತ್ತೆರಡು. ಇಷ್ಟನ್ನೂ ಮಡಿಲಲ್ಲಿಟ್ಟುಕೊಂಡು ಕಾಶಿಯ ಲಂಕಾ ಪೇಟೆಯಿಂದ ಮನೆಗೆ ಬರಲು ಸೈಕಲ್ ರಿಕ್ಷಾಕ್ಕೆ ಆರು. ಒಟ್ಟು ನೂರ ಅರವತ್ತೆಂಟು ರೂಪಾಯಿ.

ತಾರಾದೇವಿ ಇದನ್ನು ರೂಪಾಯಿಯಲ್ಲಿ ಎಣಿಸಲಿಲ್ಲ, ಊಟದಲ್ಲಿ ಎಣಿಸಿದಳು. ಜಂಗಮವಾಡಿ ಮಠದ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಖಾನಾವಳಿ. ಬೀದರ, ಯಾದಗಿರಿ, ಶಹಾಪುರ ಕಡೆಯಿಂದ ಕಾಶಿಗೆ ಬಂದು, ಮೂರು ದಿನ ಪೂರಿ ತಿಂದು ಬಾಯಿ ಕೆಟ್ಟವರಿಗೆ ಅಲ್ಲಿ ಜೋಳದ ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಬ್ಯಾಳಿ ಸಾರು ಸಿಗುತ್ತಿತ್ತು. ಊಟಕ್ಕೆ ಹತ್ತು ರೂಪಾಯಿ. ಹಿಟ್ಟು, ಎಣ್ಣೆ, ಸೌದೆ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಎರಡು. ಅಂದರೆ ಎಂಬತ್ನಾಲ್ಕು ಜನ ಉಂಡು ತೇಗಿ ಎದ್ದು ಹೋದ ಮೇಲೆ ಮಗಳಿಗೆ ಈ ಸರಂಜಾಮು ಬಂದಿತ್ತು. ಆ ಎಂಬತ್ನಾಲ್ಕು ಊಟ ಈಗ ಒಂದು ಕಲೆಯೂ ಇಲ್ಲದ ಕೋಟಾಗಿ ಗೂಟಕ್ಕೆ ನೇತಾಡುತ್ತಿತ್ತು. 

ಮಗಳು ಶಿವರಂಜನಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಪ್ರಾಣಿಶಾಸ್ತ್ರದಲ್ಲಿ ಅವಳಷ್ಟು ಚೆನ್ನಾಗಿ ಚಿತ್ರ ಬರೆಯುವವರು ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ. ಹಿಂದಿನ ಎರಡು ವರ್ಷ ಇಬ್ಬಿಬ್ಬರು ಸೇರಿ ಒಂದು ಜೀವ ಕೊಯ್ದರೆ ಸಾಕಿತ್ತು. ಜೊತೆಗಾತಿ ಕೊಯ್ಯುತ್ತಿದ್ದಳು, ಇವಳು ಮುಖ ಆಚೆ ತಿರುಗಿಸಿ ಇಬ್ಬರ ಚಿತ್ರವನ್ನೂ ಬರೆದುಕೊಡುತ್ತಿದ್ದಳು. ಆ ಒಪ್ಪಂದ ಚೆನ್ನಾಗಿಯೇ ನಡೆದಿತ್ತು. ಈ ವರ್ಷ ಒಬ್ಬೊಬ್ಬರಿಗೆ ಒಂದೊಂದು ಮೀನು. ಮೊದಲ ದಿನ ಪಕ್ಕದ ಹುಡುಗಿ ಮೀನಿನ ಹೊಟ್ಟೆಗೆ ಕತ್ತರಿ ತೂರಿಸಿದ್ದೇ ತಡ, ಶಿವರಂಜನಿ ಕಣ್ಣು ಕತ್ತಲೆ ಬಂದು ಬಿದ್ದಳು. ಎಚ್ಚರವಾದಾಗ ಅವಳದೇ ರೆಕಾರ್ಡು ಪುಸ್ತಕದಿಂದ ಯಾರೋ ಗಾಳಿ ಬೀಸುತ್ತಿದ್ದರು. ಎರಡನೆಯ ಸಲ ಬೀಳಲಿಲ್ಲ, ಬೀಳುವುದಕ್ಕೆ ಮೊದಲೇ ಎದ್ದು ಹೊರಗೆ ಹೋದಳು. ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ಹನ್ನೆರಡು ದಿನ ಇತ್ತು. ಅದರಲ್ಲಿ ಫೇಲಾದರೆ ಮೂರು ವರ್ಷದ ಓದು ಅಲ್ಲಿಗೇ ನಿಂತ ಹಾಗೆ.

ತಂದೆ ಗುರುಪಾದಯ್ಯ ಮಠಕ್ಕೆ ಬರುವ ಯಾತ್ರಿಕರಿಗೆ ಪೂಜೆ ಮಾಡಿಸುವವನು. ಮಗಳ ಮೇಲೆ ಜೀವ. ಅವಳ ಕಷ್ಟ ನೋಡಲಾರದೆ ಸಂಸ್ಕೃತ ಬಿ.ಎ.ಗೆ ಸೇರುವ ಅರ್ಜಿಯೊಂದನ್ನು ತಂದು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದ.

"ಶ್ಲೋಕ ಕೊಯ್ದರ ರಕ್ತ ಬರಂಗಿಲ್ಲ," ಎಂದ. "ಮೀನ ಹೆಸರು ನಮ್ಮ ಮನ್ಯಾಗ ಏಳು ತಲಿಯಿಂದ ಯಾರೂ ಎತ್ತಿಲ್ಲ. ಆ ಕೂಸಿನ ಕೈ ನಡುಗದೇ ಏನು ಮಾಡೀತು? ಈ ಸಲ ಆಗಲಿಲ್ಲಂದ್ರ ಇದನ್ನ ತುಂಬಿಸೂದೇ."

ಶಿವರಂಜನಿ ಅಡಿಗೆಮನೆಗೆ ಬಂದು ತಾಯಿಯ ಹತ್ತಿರ ಕುಳಿತಳು. ಕಣ್ಣಲ್ಲಿ ನೀರು ತುಂಬಿತ್ತು.

"ಅವ್ವಾ, ನನಗ ಎಲ್ಲಾ ಬರ್ತದ. ಯಾವುದು ಎಲ್ಲಿ ಅದ, ಏನು ಮಾಡ್ತದ, ಸಬ್ ಕುಛ್. ಪುಸ್ತಕದಾಗ ನೋಡಿದರ ಏನೂ ಆಗಂಗಿಲ್ಲ. ಖರೇ ಮೀನ ಬಿಚ್ಚಿದ ಕೂಡಲೇ ಎಲ್ಲಾ ಕಲಸಿ ಹೋಗ್ತದ. ಏನೋ ಒಂದು ಕೆಂಪು ಮುದ್ದಿ ಕಾಣ್ತದ, ಅಷ್ಟೇ."

ತಾರಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೈ ನಡೆಯುತ್ತಿದ್ದರೆ ಮಾತ್ರ ಅವಳ ತಲೆ ನಡೆಯುತ್ತಿತ್ತು.

"ಈ ಮನಿಗೆ ಮೊದಲ ಕುಕ್ಕರ್ ಬಂದಾಗ ನಾ ಏನ್ ಮಾಡ್ತಿದ್ದೆ ಗೊತ್ತೇನು?"

"ಏನ್ ಮಾಡ್ತಿದ್ದೆ?"

"ಒಲಿ ಮ್ಯಾಲ ಇಟ್ಟು ಗಲ್ಲಿಗೆ ಓಡ್ತಿದ್ದೆ. ಸೀಟಿ ಆದ ಮ್ಯಾಲ ನಿಮ್ಮಪ್ಪ ಹೋಗಿ ಇಳಸ್ತಿದ್ದರು. ಆಮ್ಯಾಲ ಒಂದಿನ ರಿಪೇರಿ ಮಾಡಾಂವ ಬಂದು ನನ್ನ ಮುಂದೇ ಎಲ್ಲಾ ಬಿಚ್ಚಿದ. ಇದು ರಬ್ಬರು, ಇದು ಉಗಿ ಹೋಗೂ ತೂತು, ಇದು ಭಾರದ ಗುಂಡು ಅಂತ ಒಂದೊಂದಾಗಿ ಕೈಯಾಗ ಕೊಟ್ಟ. ಹೆಸರು, ಕೆಲಸ, ಜಾಗ ಮೂರೂ ತಿಳಿದ ಮ್ಯಾಲ ಎಂಥದ್ದು ಅಂಜಿಕಿ? ನಿನಗ ಹೆಸರು ಬರ್ತದ, ಕೆಲಸ ಬರ್ತದ. ಕೈಯಾಗ ಹಿಡಿದಿಲ್ಲ, ಅಷ್ಟೇ ಕಮ್ಮಿ."

"ಕೈಯಾಗ ಹಿಡೀಲಿಕ್ಕೇ ಆಗಂಗಿಲ್ಲ ಅನ್ಲಾಕತ್ತೀನಿ ನಾ!"

"ಹಿಟ್ಟು ಹಿಡೀಲಿಕ್ಕ ಆಗ್ತದಿಲ್ಲ?"

ಮಧ್ಯಾಹ್ನದ ಕೊನೆಯ ಪಂಕ್ತಿ ಎದ್ದಿತು. ತಾರಾದೇವಿ ಬಾಗಿಲು ಮುಂದೆ ಮಾಡಿ ಎರಡು ಸೇರು ಮೈದಾ ಕಲಸಿದಳು. ಮಣೆಯ ಮೇಲೆ ಮೊಳದುದ್ದದ ದೋಣಿಯ ಆಕಾರಕ್ಕೆ ತಿದ್ದಿದಳು. ಒಳಗೆ ಪೊಳ್ಳು ಬಿಟ್ಟಳು, ಮೇಲೊಂದು ಮುಚ್ಚಳದ ಹಾಳೆ ಲಟ್ಟಿಸಿಟ್ಟಳು. ಮಗಳು ಪುಸ್ತಕ ಬಿಚ್ಚಿಕೊಂಡು ಕುಳಿತಳು.

"ಹೇಳು. ಬೆನ್ನಿನಿಂದ ಶುರು ಮಾಡು."

"ಬೆನ್ನೆಲುಬು."

ಹೊಸ ಪೊರಕೆಯಿಂದ ಒಂದು ಕಡ್ಡಿ ಬಂತು.

"ಅದರ ಕೆಳಗ, ಉದ್ದಕ್ಕ ಅಂಟಿಕೊಂಡು ಕಿಡ್ನಿ. ಕಂದು ಕೆಂಪು."

ಹುಣಸೆಹಣ್ಣನ್ನು ಹೊಸೆದು ಪಟ್ಟಿ ಮಾಡಿ ಅಂಟಿಸಿದ್ದಾಯಿತು.

"ಅದರ ಕೆಳಗ ಗಾಳಿಚೀಲ. ಬೆಳ್ಳಗ, ಹೊಳಿತದ. ನಡುವ ಸೊಂಟ ಹಿಡಿದಂಗ ಎರಡು ಭಾಗ. ಇದರಾಗಿನ ಗಾಳಿ ಹೆಚ್ಚು ಕಮ್ಮಿ ಮಾಡಿಕೊಂಡು ಮೀನ ನೀರಾಗ ಬೇಕಾದಷ್ಟು ಆಳದಾಗ ನಿಲ್ತದ. ಮುಳುಗಂಗೂ ಇಲ್ಲ, ತೇಲಂಗೂ ಇಲ್ಲ."

ತಾರಾದೇವಿ ಎದ್ದು ಗಲ್ಲಿಯ ತಿರುವಿನವರೆಗೆ ಹೋಗಿ ಬಂದಳು. ಕೈಯಲ್ಲಿ ಎರಡು ಗೋಲ್ಗಪ್ಪ, ಪಾನಿಪೂರಿಯ ಉಬ್ಬಿದ ಪೊಳ್ಳು ಪೂರಿಗಳು, ಇದ್ದವು. ಶಿವರಂಜನಿ ಅವನ್ನು ನೋಡಿ ಫಕ್ಕನೆ ನಕ್ಕಳು. ಮೂರು ವಾರದ ನಂತರ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು.

ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು. ಕಿವಿಯ ಜಾಗದ ಮುಚ್ಚಳದ ಕೆಳಗೆ ಉಸಿರಾಡುವ ಕಿವಿರುಗಳು, ಒಂದೊಂದು ಬದಿಗೆ ನಾಲ್ಕು. ಬೀಟ್‌ರೂಟನ್ನು ತೆಳ್ಳಗೆ ಹೆಚ್ಚಿ, ಅಂಚನ್ನು ಬಾಚಣಿಗೆಯ ಹಲ್ಲಿನಂತೆ ಸೀಳಿ ಸಿಕ್ಕಿಸಿದರು. ಬಾಯಿಂದ ಹೋದ ನೀರು ಈ ಹಲ್ಲುಗಳ ಸಂದಿಯಿಂದ ಹಾಯ್ದು ಮುಚ್ಚಳದ ಕೆಳಗಿಂದ ಹೊರಬೀಳುತ್ತದೆ, ಹಾಯುವಾಗ ನೀರಿನಲ್ಲಿ ಕರಗಿದ ಗಾಳಿಯನ್ನು ರಕ್ತ ಎಳೆದುಕೊಳ್ಳುತ್ತದೆ ಎಂದು ಶಿವರಂಜನಿ ವಿವರಿಸಿದಳು. "ಸೋಸೂ ಜರಡಿ," ಎಂದಳು ತಾರಾದೇವಿ. ಹೃದಯಕ್ಕೆ ಶಿವರಾತ್ರಿಯಲ್ಲಿ ಉಳಿದ ಬೋರೆಹಣ್ಣು. ಅದನ್ನು ಅವಳು ನಡು ಎದೆಗೆ ಇಡಹೋದಾಗ ಮಗಳು ಕೈ ಹಿಡಿದಳು. "ಅಲ್ಲಲ್ಲ, ಮುಂದ ಮುಂದ! ಗಂಟಲ ಕೆಳಗ. ಗುಂಡಿಗಿಯಿಂದ ರಕ್ತ ಮೊದಲ ಕಿವಿರಿಗೇ ಹೋಗ್ತದ. ಅಲ್ಲೇ ಶುದ್ಧ ಆಗಿ ಮೈಯೆಲ್ಲಾ ತಿರುಗಿ ಬರ್ತದ. ಒಂದೇ ಸುತ್ತು." ಯಕೃತ್ತಿಗೆ ಖರ್ಜೂರ, ಪಿತ್ತಕ್ಕೆ ಒಂದು ಹಸಿರು ದ್ರಾಕ್ಷಿ. ಮೈಮೇಲಿನ ಹುರುಪೆಗೆ ಅವಲಕ್ಕಿ. ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ, ಮನೆಗೆ ಹೆಂಚು ಹೊದಿಸಿದ ಹಾಗೆ, ತಲೆಯಿಂದ ಬಾಲದ ಕಡೆಗೆ ಅಂಟಿಸಿದರು.

"ಕರುಳು?"

"ಭಾಳ ಉದ್ದ ಅವ್ವ. ಮೈಗಿಂತ ಎಂಟು ಪಟ್ಟಾದರೂ ಬೇಕು. ಇದು ರೋಹು. ಪಾಚಿ, ಸೊಪ್ಪು ತಿನ್ನೂದು. ಸೊಪ್ಪು ಅರಗಲಿಕ್ಕ ಉದ್ದ ದಾರಿ ಬೇಕಲ್ಲ?"

ತಾರಾದೇವಿಯ ಕೈ ನಿಂತಿತು. "ಸೊಪ್ಪು ತಿಂತದ? ಅಂದ್ರ ಇದು ನಮ್ಮ ಮಂದಿನೇ! ಮೊದಲೇ ಹೇಳಬಾರದೇನ? ಇಷ್ಟೊತ್ತು ಪರಕೀಯರಂಗ ನೋಡ್ಲಾಕತ್ತಿದ್ದೆ." ಎಂಟು ಮೊಳ ಹಿಟ್ಟಿನ ಹುರಿ ಹೊಸೆದು ಸುರುಳಿ ಸುತ್ತಿ ಒಳಗಿಟ್ಟಳು. ಆಮೇಲೆ ಸುತ್ತಮುತ್ತ ನೋಡಿದಳು. "ಹೊಟ್ಟಿ ಎಲ್ಲಿ?"

"ಪುಸ್ತಕದಾಗ ಹೊಟ್ಟಿ ಬರದಿಲ್ಲ."

"ಬರದಿಲ್ಲ ಅಂದ್ರ?"

"ಅನ್ನನಾಳ ಆದ ಮ್ಯಾಲ ಸೀದಾ ಕರುಳು ಅದ. ಶುರುವಿಗೆ ಸ್ವಲ್ಪ ದಪ್ಪ, ಅಷ್ಟೇ. ಹೊಟ್ಟಿ ಅಂತ ಬ್ಯಾರೆ ಚೀಲ ಇಲ್ಲ."

"ಹುಚ್ಚಿ! ಹೊಟ್ಟಿ ಇಲ್ಲದ ಜೀವ ಎಲ್ಲಾದರೂ ಅದಯೇನ? ಬರೆದಾಂವ ಊಟದ ಹೊತ್ತಿಗೆ ಎದ್ದು ಹೋಗಿರಬೇಕು."

ಇಪ್ಪತ್ತು ವರ್ಷ ಊರ ಮಂದಿಗೆಲ್ಲ ಊಟ ಹಾಕಿದವಳಿಗೆ ಹೊಟ್ಟೆಯಿಲ್ಲದ ಪ್ರಾಣಿಯನ್ನು ಒಪ್ಪುವುದು ಸಾಧ್ಯವಿರಲಿಲ್ಲ. ಬೆಳಗಿನ ಹೂರಣ ಉಳಿದಿತ್ತು. ಅದನ್ನು ತುಂಬಿ ಒಂದು ದಪ್ಪ ಕಡುಬು ಮಾಡಿ, ಅನ್ನನಾಳಕ್ಕೂ ಕರುಳಿಗೂ ನಡುವೆ ಕೂರಿಸಿಯೇ ಬಿಟ್ಟಳು. ಮಗಳು ಪುಸ್ತಕ ತಿರುವಿ ತಿರುವಿ ನೋಡಿದಳು. ಹೊಟ್ಟೆಯ ಮಾತಿರಲಿಲ್ಲ. ಆದರೆ ತಾಯಿ ಅಷ್ಟು ಗಟ್ಟಿಯಾಗಿ ಹೇಳುವಾಗ ಅವಳಿಗೂ ಅನುಮಾನ ಬಂತು. ತಾನು ಮಾತ್ರ ಏನು, ಕಂಡಿದ್ದಾಳೆಯೇ?

ಅದೇ ಹೊತ್ತಿಗೆ ಗುರುಪಾದಯ್ಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಮಣೆಯ ಮೇಲೆ ಹುರುಪೆ ಹೊದ್ದು ಬಾಲ ಚಾಚಿ ಮಲಗಿದ್ದನ್ನು ನೋಡಿ ಹೊಸ್ತಿಲಲ್ಲೇ ಕಲ್ಲಾದ.

"ಶಿವ ಶಿವಾ! ಅಡಿಗಿಮನ್ಯಾಗ ಮೀನಾ? ತಾರಾ, ನಿನ್ನ ತಲಿ ಕೆಟ್ಟದೇನ?"

"ಮುಟ್ಟಿ ನೋಡ್ರಿ."

"ನಾ ಮುಟ್ಟಲ್ಲ!"

"ಅವಲಕ್ಕಿ ಅದ ರೀ. ನಿನ್ನೆ ಮೊಸರು ಹಾಕಿಕೊಂಡು ಎರಡು ಬಟ್ಟಲ ಉಂಡೀರಲ್ಲ, ಅದೇ."

ಅವನು ಬಗ್ಗಿ ನೋಡಿದ. ಒಂದು ಹುರುಪೆ ಕಿತ್ತು ಮೂಸಿದ. ಆಮೇಲೆ ಏನೂ ಆಗದವನಂತೆ ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ," ಎಂದು ಒಳಗೆ ಹೋದ. ಆದರೆ ಅರ್ಜಿ ಇನ್ನೂ ವಿಭೂತಿಯ ಕೆಳಗೇ ಇತ್ತು.

ಅಂದು ಸಂಜೆ ದುಲಾರಿ ಬಂದಳು. ಅವಳ ಗಂಡ ಯಾತ್ರಿಕರನ್ನು ದೋಣಿಯಲ್ಲಿ ಕೂರಿಸಿ ಘಾಟು ತೋರಿಸುವವನು. ಮರುದಿನ ಎಷ್ಟು ಜನ ಎಂದು ಕೇಳಿ ಹೋಗಲು ಅವಳು ದಿನಾ ಬರುತ್ತಿದ್ದಳು. ಹತ್ತು ವರ್ಷದಿಂದ ಹೊಸ್ತಿಲಾಚೆ ನಿಂತೇ ಮಾತು, ಹೊಸ್ತಿಲಾಚೆ ನಿಂತೇ ಹಿಂಡಿ ಹಚ್ಚಿದ ಒಂದು ರೊಟ್ಟಿ. ಅವಳು ಮೀನು ಮಾರುತ್ತಾಳೆ ಎಂದು ತಾರಾದೇವಿಗೆ ಗೊತ್ತಿತ್ತು. ಗೊತ್ತಿದೆ ಎಂದು ದುಲಾರಿಗೂ ಗೊತ್ತಿತ್ತು. ಆ ಮಾತು ಮಾತ್ರ ಇಬ್ಬರ ನಡುವೆ ಎಂದೂ ಬಂದಿರಲಿಲ್ಲ.

ಅಂದು ತಾರಾದೇವಿ ಮಣೆಯನ್ನೇ ಎತ್ತಿ ಹೊಸ್ತಿಲಿಗೆ ತಂದಳು. ಬನಾರಸಿನ ಮಾತಿನಲ್ಲಿ ಕೇಳಿದಳು: "ನೋಡು ಬಹಿನಿ, ಸರಿಯಾಗಿದೆಯಾ?"

ದುಲಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತಳು. ಕಿವಿಯ ಮುಚ್ಚಳ ಎತ್ತಿದಳು. ಮೇಲಿನ ಹಾಳೆ ಸರಿಸಿ ಗೋಲ್ಗಪ್ಪ ಮುಟ್ಟಿ, "ಅರೇ ವಾಹ್, ಫುಕನಾ!" ಎಂದಳು. ಗಾಳಿಚೀಲಕ್ಕೆ ಅವರ ಮನೆಯ ಹೆಸರು ಅದು. ದ್ರಾಕ್ಷಿ ನೋಡಿ, "ಪಿತ್ತ ಇದು. ಇದು ಒಡೆದರೆ ಇಡೀ ಮೀನು ಕಹಿ, ಗಿರಾಕಿ ಬೈದು ಹೋಗ್ತಾನೆ," ಎಂದಳು. ಕೊನೆಗೆ ಬೆರಳು ಕಡುಬಿನ ಮೇಲೆ ಬಂತು.

"ಇದೇನು?"

"ಹೊಟ್ಟೆ."

ದುಲಾರಿ ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಗೋಡೆಗೆ ಒರಗಿದಳು. "ಎ ಪಂಡಿತಾಇನ್! ರೋಹುವಿಗೆ ಎಲ್ಲಿಯ ಹೊಟ್ಟೆ? ಮೂವತ್ತು ವರ್ಷದಿಂದ ಕೊಯ್ತಿದ್ದೇನೆ, ಒಂದು ದಿನ ಸಿಕ್ಕಿಲ್ಲ. ಬಾಯಿ, ಆಮೇಲೆ ಕರುಳು, ಕರುಳು, ಬರೀ ಕರುಳು. ಬೇರೆ ಮೀನು ತಿನ್ನುವ ಪಢಿನ್ ಇದೆ ನೋಡು, ಅದಕ್ಕೆ ಇದೆ ಹೊಟ್ಟೆ, ಇಷ್ಟು ದಪ್ಪದ ಚೀಲ. ನುಂಗಿದ್ದನ್ನು ಇಟ್ಟುಕೊಳ್ಳಬೇಕಲ್ಲ. ರೋಹು ದಿನವಿಡೀ ಚೂರುಚೂರು ಮೇಯುವುದು. ಅದಕ್ಕೆ ಯಾಕೆ ಚೀಲ?"

"ಸುಳ್ಳು ಹೇಳಬೇಡ."

"ಸುಳ್ಳಾ? ನಾಳೆ ಬೆಳಿಗ್ಗೆ ಬಾ, ತೋರಿಸ್ತೀನಿ. ಹೊಟ್ಟೆ ಸಿಕ್ಕರೆ ಒಂದು ತಿಂಗಳು ನಿನ್ನ ರೊಟ್ಟಿ ಮುಟ್ಟಲ್ಲ."

ತಾರಾದೇವಿ ಮಗಳ ಕಡೆ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತ್ತು. ಅದು ಅಂಜಿಕೆಯ ಗಂಟಲ್ಲ ಎಂದು ತಾಯಿಗೆ ತಿಳಿಯಿತು. ಲೆಕ್ಕ ತಾಳೆಯಾಗದಾಗ ಬರುವ ಗಂಟು ಅದು.

"ಅವ್ವಾ," ಎಂದಳು ಶಿವರಂಜನಿ ಮೆಲ್ಲಗೆ. "ನಾಳಿ ಹೋಗಿ ನೋಡೂಣೇನು? ದೂರ ನಿಂತು."

"ಹೋಗೂಣು. ಒಂದು ಮಾತು ಮಾತ್ರ ಅದ." ತಾರಾದೇವಿ ದುಲಾರಿಯ ಕಡೆ ತಿರುಗಿದಳು. "ನಮ್ಮ ಸಲುವಾಗಿ ಒಂದು ಮೀನೂ ಸಾಯಬಾರದು. ಗಿರಾಕಿ ಕೊಂಡು, ಹೆಚ್ಚಿಕೊಡು ಅಂತ ನಿನ್ನ ಕೈಗೆ ಕೊಟ್ಟದ್ದನ್ನಷ್ಟೇ ನಾವು ನೋಡೋದು."

"ಆಗಲಿ ಬಹಿನಿ. ಕೆಲಸ ಹಂಚಿಕೊಂಡರೆ ನನಗೇ ಲಾಭ," ಎಂದು ದುಲಾರಿ ರೊಟ್ಟಿ ಮಡಿಚಿಕೊಂಡು ಹೋದಳು.

ದುಲಾರಿಯ ಮನೆ ಘಾಟಿನ ಮೆಟ್ಟಿಲು ಹತ್ತಿದ ಕೂಡಲೇ ಸಿಗುವ, ದೋಣಿ ನಡೆಸುವ ಮಲ್ಲಾಹರ ಗಲ್ಲಿಯಲ್ಲಿತ್ತು. ಬೆಳಗಿನ ಎಳೆ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಈಳಿಗೆ ಮಣೆ ಇಟ್ಟುಕೊಂಡು ಅವಳು ಕುಳಿತಿದ್ದಳು. ತಾಯಿ ಮಗಳು ಹತ್ತು ಹೆಜ್ಜೆ ದೂರ ನಿಂತರು. ಮಗಳ ಮೂಗಿನ ಮೇಲೆ ದುಪಟ್ಟಾ, ತಾಯಿಯ ಮೂಗಿನ ಮೇಲೆ ಸೆರಗು. ಬಂಗಾಳಿ ಅಜ್ಜಿಯೊಬ್ಬಳು ಒಂದು ರೋಹು ಕೊಂಡು, ಹೆಚ್ಚಿಡು ಎಂದು ಸ್ನಾನಕ್ಕೆ ಹೋದಳು.

ದುಲಾರಿ ಮೊದಲು ಕಿವಿಯ ಮುಚ್ಚಳ ಎತ್ತಿ ದೂರದಿಂದಲೇ ತೋರಿಸಿದಳು. ಒಳಗೆ ಕಿವಿರು ಕುಂಕುಮದಷ್ಟು ಕೆಂಪು. "ಗಲಫಡ. ಹೀಗೆ ಕೆಂಪಗಿದ್ದರೆ ಈಗಿನ ಮೀನು. ಮಾಸಿದ್ದರೆ ನಿನ್ನೆಯದು. ಮೀನು ಕೊಳ್ಳುವವರು ಕಣ್ಣು ನೋಡುತ್ತಾರೆ, ಜಾಣರು ಇದನ್ನು ನೋಡುತ್ತಾರೆ."

"ಬೀಟ್‌ರೂಟ್," ಎಂದಳು ತಾರಾದೇವಿ ಸೆರಗಿನೊಳಗಿಂದ.

ಆಮೇಲೆ ದುಲಾರಿ ಹೊಟ್ಟೆಯ ಕೆಳಗೆ ಬಾಲದ ಕಡೆಯಿಂದ ಗಂಟಲವರೆಗೆ ಒಂದೇ ಗೆರೆಯಲ್ಲಿ ಸೀಳಿದಳು. ತಾರಾದೇವಿ ಮಗಳ ತೋಳು ಹಿಡಿದುಕೊಂಡಳು, ಬಿದ್ದರೆ ಇರಲಿ ಎಂದು. ಮಗಳ ಮೈ ಒಮ್ಮೆ ಬಿಗಿಯಿತು. ಆದರೆ ಅವಳು ಕಣ್ಣು ಮುಚ್ಚಲಿಲ್ಲ.

"ಗೋಲ್ಗಪ್ಪ," ಎಂದಳು ಶಿವರಂಜನಿ. ಬೆಳ್ಳಗೆ, ಮುತ್ತಿನಂತೆ ಹೊಳೆಯುತ್ತ, ನಡುವೆ ಸೊಂಟ ಹಿಡಿದಂತೆ ಎರಡು ಭಾಗವಾಗಿ ಗಾಳಿಚೀಲ ಬೆನ್ನಿನ ಕಡೆ ಕಾಣಿಸುತ್ತಿತ್ತು. "ಅವ್ವಾ, ಹಂಗೇ ಅದ! ಖರ್ಜೂರ ಅಲ್ಲಿ ಅದ. ದ್ರಾಕ್ಷಿ ನೋಡು, ದ್ರಾಕ್ಷಿ!"

"ಹೊಟ್ಟಿ ಅದಯೇನ ನೋಡು ಮೊದಲ."

"ಕಾಣಂಗಿಲ್ಲ ಇಲ್ಲಿಂದ." ಶಿವರಂಜನಿ ಎರಡು ಹೆಜ್ಜೆ ಮುಂದೆ ಹೋದಳು. ಆಮೇಲೆ ಇನ್ನೆರಡು. "ಚಾಚೀ, ಆ ಸುರುಳಿ ಸ್ವಲ್ಪ ಎತ್ತಿ."

ದುಲಾರಿ ಬೇಕೆಂದೇ ತಪ್ಪು ಕಡೆ ಎತ್ತಿದಳು.

"ಅಲ್ಲ, ಆ ಕಡೆ! ಗಂಟಲ ಕಡೆ. ಅರೇ ಚಾಚೀ, ಅದಲ್ಲ!"

"ನನ್ನ ಕೈ ತುಂಬ ಕೆಲಸ. ಬೇಕಾದರೆ ನೀನೇ ಎತ್ತಿಕೋ."

ಶಿವರಂಜನಿ ಎತ್ತಿದಳು. ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬರಿಗೈಯಲ್ಲಿ ಕರುಳಿನ ತುದಿ ಹುಡುಕಿ, ಗಂಟಲಿನಿಂದ ಶುರು ಮಾಡಿ ಒಂದೊಂದೇ ಸುತ್ತು ಬಿಡಿಸುತ್ತ ಹೋದಳು. ದುಪಟ್ಟಾ ಮೂಗಿನಿಂದ ಯಾವಾಗ ಜಾರಿತೋ ಅವಳಿಗೆ ತಿಳಿಯಲಿಲ್ಲ. ಕಟ್ಟೆಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಮತ್ತೆ ಈ ತುದಿಗೆ ಕರುಳು ಹರಿದಾಡಿತು. ಶುರುವಿಗೆ ಸ್ವಲ್ಪ ದಪ್ಪ, ಆಮೇಲೆ ಸಣ್ಣ ಹುರಿ. ಚೀಲ ಎಂಬುದು ಎಲ್ಲಿಯೂ ಇರಲಿಲ್ಲ.

"ಇಲ್ಲ ಅವ್ವ!" ಅವಳು ಕೈ ಎತ್ತಿ ಕೂಗಿದಳು. "ಹೊಟ್ಟಿ ಇಲ್ಲ! ಪುಸ್ತಕ ಖರೇ ಅದ!"

ತಾರಾದೇವಿ ಮಗಳ ಕೈ ನೋಡಿದಳು. ಮೊಣಕೈಯವರೆಗೆ ರಕ್ತ, ಅಂಟು, ಹುರುಪೆ. ಮುಖ ಮಾತ್ರ ದೀಪ ಹಚ್ಚಿದಂತೆ. ತನ್ನ ಕಡುಬು ಸೋತದ್ದಕ್ಕೆ ಅವಳಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

"ನಿನ್ನ ಕೈ ನೋಡ್ಕೊ ಒಂದು ಸಲ," ಎಂದಳು.

ಶಿವರಂಜನಿ ನೋಡಿಕೊಂಡಳು. ಒಂದು ಕ್ಷಣ ಗಾಬರಿಯಾದಳು. ಆಮೇಲೆ ಮೂವರೂ ನಕ್ಕರು. ಸ್ನಾನ ಮುಗಿಸಿ ಬಂದ ಬಂಗಾಳಿ ಅಜ್ಜಿ ಮಾತ್ರ ನಗಲಿಲ್ಲ. ತನ್ನ ಮೀನಿನ ಕರುಳು ಕಟ್ಟೆಯುದ್ದ ಹಾಸಿರುವುದನ್ನು ನೋಡಿ, ಇದು ಎಂಥಾ ಹೆಚ್ಚುವ ರೀತಿ ಎಂದು ಜಗಳ ತೆಗೆದಳು.

ಮರುದಿನದಿಂದ ಶಿವರಂಜನಿ ದಿನಾ ಬೆಳಿಗ್ಗೆ ಒಂದು ತಾಸು ದುಲಾರಿಯ ಕಟ್ಟೆಗೆ ಹೋದಳು. ಗಿರಾಕಿಗಳ ಮೀನು ಶುಚಿ ಮಾಡಿದಳು. ಮೊದಲ ದಿನ ಎರಡು ಪಿತ್ತ ಒಡೆದಳು, ಮೂರನೆಯ ದಿನ ಒಂದೂ ಇಲ್ಲ. ದುಲಾರಿ ಹೇಳಿಕೊಟ್ಟ ಗುಟ್ಟು ಒಂದೇ: ಕತ್ತರಿಯ ತುದಿ ಯಾವಾಗಲೂ ಮೇಲ್ಮುಖವಾಗಿರಬೇಕು, ಒಳಗಿನದಕ್ಕೆ ತಾಗಬಾರದು. ಕಾಲೇಜಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರು. ಕೈಗೆ ಅದು ತಿಳಿದದ್ದು ಇಲ್ಲಿ. ಹೆಸರು ಗೊತ್ತಿದ್ದವಳು ಇವಳು, ಜಾಗ ಗೊತ್ತಿದ್ದವಳು ಅವಳು. ಹೃದಯಕ್ಕೆ ಎರಡೇ ಕೋಣೆ ಎಂದು ಶಿವರಂಜನಿ ಬಿಡಿಸಿ ತೋರಿಸಿದಾಗ ದುಲಾರಿ, "ಮೂವತ್ತು ವರ್ಷ ಎಸೆದೆ, ಒಂದು ದಿನ ನೋಡಲಿಲ್ಲ," ಎಂದು ಬೆರಗಾದಳು. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ತಲೆಗೆ ಸ್ನಾನ, ಆಮೇಲೆ ಪೂಜೆ, ಆಮೇಲೆಯೇ ಅಡಿಗೆಮನೆ. ಆ ವಿಷಯದಲ್ಲಿ ತಾರಾದೇವಿ ಬಿಗಿ.

ಆರನೆಯ ದಿನ ಗುರುಪಾದಯ್ಯ ಶಹಾಪುರದ ಏಳು ಯಾತ್ರಿಕರನ್ನು ಕರೆದುಕೊಂಡು, ದೋಣಿಗೆ ಹೇಳಲು ಮಲ್ಲಾಹರ ಗಲ್ಲಿಗೇ ಬಂದುಬಿಟ್ಟ. ಮಗಳು ಬಿಳಿ ಕೋಟು ತೊಟ್ಟು, ಹಣೆಯಲ್ಲಿ ವಿಭೂತಿ ಧರಿಸಿ, ಕಟ್ಟೆಯ ಮೇಲೆ ಮೀನಿನ ಕಿವಿಯೊಳಗೆ ಬೆರಳಿಟ್ಟು ಏನೋ ಎಣಿಸುತ್ತಿದ್ದಳು. ಪಕ್ಕದಲ್ಲಿ ಅವಳನ್ನು ಕರೆದೊಯ್ಯಲು ಬಂದ ತಾರಾದೇವಿ ನಿಂತಿದ್ದಳು. ಗಂಡನನ್ನು ಕಂಡು ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದಿನಾ ಬೆಳಿಗ್ಗೆ ಮಗಳು ಎಲ್ಲಿಗೆ ಹೋಗುತ್ತಾಳೆಂದು ಅವನಿಗೆ ಹೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಅವನು ಕೇಳಿರಲಿಲ್ಲ.

ಯಾತ್ರಿಕರಲ್ಲಿ ಒಬ್ಬಳು ಹಿರಿಯ ಹೆಂಗಸು ಕಣ್ಣು ಕಿರಿದು ಮಾಡಿ ನೋಡಿದಳು. "ಅಯ್ಯನೋರ, ಆ ಹುಡುಗಿ ನಮ್ಮ ಕಡೀದು ಇದ್ದಂಗ ಕಾಣ್ತದಲ್ರಿ? ಹಣಿಮ್ಯಾಗ ವಿಭೂತಿ ಅದ."

ಗುರುಪಾದಯ್ಯ ಮಗಳ ಕಡೆ ನೋಡಿದ. ಮಗಳು ತಲೆ ಎತ್ತಿರಲಿಲ್ಲ. ಕೈ ನಡುಗುತ್ತಿರಲಿಲ್ಲ. ಚಿಮಟದಿಂದ ಕಿವಿರಿನ ಒಂದೊಂದು ಎಸಳನ್ನೂ ಬಿಡಿಸಿ, ಹೂವಿನ ಪೂಜೆ ಮಾಡುವವರಂತೆ ಪಕ್ಕಕ್ಕೆ ಇಡುತ್ತಿದ್ದಳು.

"ಹೌದ್ರಿ," ಎಂದ ಅವನು. "ನನ್ನ ಮಗಳು."

"ಮೀನ ಹಿಡಕೊಂಡು ಏನ್ ಮಾಡ್ಲಾಕತ್ತಾಳ್ರಿ?"

"ಓದ್ಲಾಕತ್ತಾಳ. ನೋಡ್ರಿ, ಮೀನಿಗಿ ಗುಂಡಿಗಿ ಎದಿಯಾಗ ಇರಂಗಿಲ್ಲ. ಗಂಟಲ ಕೆಳಗ ಇರ್ತದ. ನಿಮಗ ಗೊತ್ತಿತ್ತೇನ್ರಿ?"

ಏಳು ಜನಕ್ಕೂ ಗೊತ್ತಿರಲಿಲ್ಲ. ತನಗೆ ಅದು ಗೊತ್ತಾಗಿ ಆರೇ ದಿನವಾಯಿತೆಂದು ಗುರುಪಾದಯ್ಯ ಹೇಳಲಿಲ್ಲ. ಅವನು ದಿನಾ ಪಕ್ಕದ ಕೋಣೆಯಿಂದ ಕಿವಿಗೊಟ್ಟು ಅಡಿಗೆಮನೆಯ ಮಾತೆಲ್ಲ ಕೇಳಿಸಿಕೊಂಡಿದ್ದಾನೆಂದು ತಾರಾದೇವಿಗೆ ಆಗ ಗೊತ್ತಾಯಿತು.

ಪರೀಕ್ಷೆಯ ದಿನ ಸಂಜೆ ನಾಲ್ಕಾದರೂ ಶಿವರಂಜನಿ ಬರಲಿಲ್ಲ. ತಾರಾದೇವಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾಲ್ಕೂವರೆಗೆ ಗಲ್ಲಿಯ ತಿರುವಿನಿಂದಲೇ ಮಗಳ ದನಿ ಕೇಳಿಸಿತು. ಓಡಿ ಬಂದವಳು ಕೋಟೂ ಬಿಚ್ಚದೆ ಹೊಸ್ತಿಲ ಮೇಲೆ ಕುಳಿತು ಹೇಳತೊಡಗಿದಳು.

ಅಲಹಾಬಾದಿನಿಂದ ಬಂದ ಪರೀಕ್ಷಕರು, ದಪ್ಪ ಕನ್ನಡಕ, ನಗುವೇ ಇಲ್ಲ. ಒಬ್ಬೊಬ್ಬರ ತಟ್ಟೆಯ ಮುಂದೆಯೂ ನಿಂತು, "ಹೊಟ್ಟೆ ತೋರಿಸಿ," ಎಂದು ಕೇಳುತ್ತ ಬಂದರಂತೆ. ಪರೀಕ್ಷಕರೇ ಕೇಳಿದ ಮೇಲೆ ಇಲ್ಲವೆನ್ನಲು ಧೈರ್ಯ ಬೇಕಲ್ಲ? ಹುಡುಗಿಯರೆಲ್ಲ ಕರುಳಿನ ದಪ್ಪ ಭಾಗಕ್ಕೆ ಸೂಜಿ ಮುಟ್ಟಿಸಿ, ಇದೇ ಸರ್ ಎಂದರಂತೆ. ಇವಳ ಮುಂದೆಯೂ ಬಂದು ಅದನ್ನೇ ಕೇಳಿದರು.

"ನನಗ ನಗು ತಡೀಲಿಕ್ಕೇ ಆಗಲಿಲ್ಲ ಅವ್ವ. ಕಡುಬು ನೆನಪಾತು!"

"ಅಯ್ಯೋ ನಿನ್ನ! ಪರೀಕ್ಷ್ಯಾಗ ನಕ್ಕಿ?"

"ನಕ್ಕೆ. ಅವರು ಸಿಟ್ಟಿಗೆದ್ದು, ಯಾಕ ನಗ್ತಿ ಅಂದರು. ನಾ ಎಲ್ಲಾ ಹೇಳಿದೆ. ರೋಹುಗೆ ಹೊಟ್ಟಿ ಇಲ್ಲ ಸರ್, ನಮ್ಮವ್ವ ಒಪ್ಪಲಿಲ್ಲ, ಹೂರಣ ತುಂಬಿ ಕಡುಬು ಮಾಡಿ ಇಟ್ಟಿದ್ದಳು ಅಂತ. ಆಮ್ಯಾಲ ಕರುಳು ಪೂರಾ ಬಿಚ್ಚಿ ತೋರಿಸಿದೆ, ಎಲ್ಲೂ ಹರೀಲಿಲ್ಲ. ಗಾಳಿಚೀಲ ಇಡಿಯಾಗಿ ತೆಗದು ಕೈಯಾಗ ಕೊಟ್ಟೆ. ಪಿತ್ತ ಒಡೀಲಿಲ್ಲ. ಅವರೂ ನಕ್ಕರು ಅವ್ವ! ಕನ್ನಡಕ ತಗದು ಒರಸಿಕೊಂಡರು. ಇಷ್ಟು ಸ್ವಚ್ಛ ಕೈ ಎಲ್ಲಿ ಕಲಿತಿ ಅಂದರು. ದುಲಾರಿ ಚಾಚಿ ಕಟ್ಟಿ ಮ್ಯಾಲ ಅಂದೆ."

ಒಳಗಿನಿಂದ ಗುರುಪಾದಯ್ಯ ಕೆಮ್ಮಿದ. "ಹೊಟ್ಟಿ ಇಲ್ಲದ ಜೀವ ಇಡೀ ಕಾಶ್ಯಾಗ ಅದೊಂದೇ," ಎಂದ. ಜಗಲಿಯ ಮೇಲಿಂದ ಸಂಸ್ಕೃತದ ಅರ್ಜಿ ತಂದು ಹೆಂಡತಿಯ ಕೈಗೆ ಕೊಟ್ಟ. ತಾರಾದೇವಿ ಅದನ್ನು ನಾಲ್ಕಾಗಿ ಹರಿದು, ಒಂದರಲ್ಲಿ ದುಲಾರಿಗೆ ಶೇಂಗಾ ಹಿಂಡಿ ಕಟ್ಟಿದಳು.

ಹಿಟ್ಟಿನ ಮೀನನ್ನು ಮನೆಯಲ್ಲಿ ಯಾರೂ ತಿನ್ನಲು ಒಪ್ಪದೆ ಮೊದಲೇ ಗಲ್ಲಿಯ ಗೂಳಿಗೆ ಇಟ್ಟಿದ್ದರು. ಗೂಳಿ ತಲೆಯಿಂದ ಶುರು ಮಾಡಿ, ಗೋಲ್ಗಪ್ಪವನ್ನು ಕರುಂ ಎನಿಸಿ, ಕಡುಬನ್ನು ಕೊನೆಗೆ ಉಳಿಸಿಕೊಂಡು ತಿಂದಿತು. ಜೂನಿನಲ್ಲಿ ಫಲಿತಾಂಶ ಬಂತು. ಪ್ರಾಕ್ಟಿಕಲ್‌ನಲ್ಲಿ ಐವತ್ತಕ್ಕೆ ನಲವತ್ತಾರು. ಶಿವರಂಜನಿ ಎಂ.ಎಸ್ಸಿ.ಗೆ ಸೇರಿದಳು.

ಹೋದದ್ದು ಎರಡು ಸೇರು ಮೈದಾ, ಒಂದು ಹಿಡಿ ಹೂರಣ, ಎರ‌ಡು ಗೋಲ್ಗಪ್ಪ. ಬಿಳಿ ಕೋಟೂ ಹೋಯಿತು, ಎಷ್ಟು ಒಗೆದರೂ ಕಲೆ ಬಿಡಲಿಲ್ಲ. ಉಳಿದದ್ದು ಮಗಳ ಓದು. ಅದರ ಜೊತೆಗೆ ಇನ್ನೊಂದೂ ಬಂತು. ಹತ್ತು ವರ್ಷ ಹೊಸ್ತಿಲಾಚೆ ನಿಂತು ರೊಟ್ಟಿ ತಿಂದ ದುಲಾರಿ ಪರೀಕ್ಷೆಯ ದಿನದ ಸಂಜೆಯಿಂದ ಒಳಗೆ ಬಂದು, ಮಣೆಯ ಮೇಲೆ ಕುಳಿತು ಉಣ್ಣತೊಡಗಿದಳು.